ಆಯಸ್ಕಾಂತಕ್ಕೆ ಒಂದೊಂದು ದಿನ ಒಲಿದ ಪುಡಿ

ಸಾವಿರದ ಒಂಬೈನೂರ ಅರವತ್ತೆರಡರ ಚಳಿಗಾಲದಲ್ಲಿ ಪಂಕಜ ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬಂದಾಗ, ತಾನು ರಜಕ್ಕೆ ಬಂದಿದ್ದೀನೋ ಸಂಶೋಧನೆ ಬಿಟ್ಟೇ ಬಂದಿದ್ದೀನೋ ಅವಳಿಗೇ ತಿಳಿದಿರಲಿಲ್ಲ. ಕೋಬಾಲ್ಟಿನಿಂದ ಅವಳು ಮಾಡಿದ ಪುಡಿಯ ಕಣಕಣದಲ್ಲೂ ಕಣ್ಣಿಗೆ ಕಾಣದ ತೂತುಗಳಿದ್ದವು. ಅದನ್ನು ಕಾಯಿಸಿ, ತಕ್ಕಡಿಗೆ ಕಟ್ಟಿ, ಆಯಸ್ಕಾಂತದ ಎರಡು ತುದಿಗಳ ನಡುವೆ ಇಳಿಬಿಟ್ಟರೆ ಒಂದು ದಿನ ಜೋರಾಗಿ ಸೆಳೆತ. ಮರುದಿನ ಅದೇ ಪುಡಿ ಸಪ್ಪೆ. ಕಬ್ಬಿಣದ ಕೊಳೆ ಸೇರಿರಬೇಕು ಅಂದಿದ್ದರು ಅವಳ ಪ್ರೊಫೆಸರು. ಹೊಸದಾಗಿ ಮಾಡಿ ಪರೀಕ್ಷಿಸಿದಳು. ಕಬ್ಬಿಣ ಇರಲಿಲ್ಲ, ಆಟವೂ ನಿಲ್ಲಲಿಲ್ಲ.

ತಂದೆ ದಕ್ಷಿಣಾಮೂರ್ತಿ ಮಿಡ್ಲ್ ಸ್ಕೂಲಿನ ಉಪಾಧ್ಯಾಯರು. ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಮಗಳಿಗೊಂದು ಕೆಲಸ ಮಾತಾಡಿಟ್ಟಿದ್ದರು, ಸೋಮವಾರ ಸೇರಬೇಕು. ಪಂಕಜ ಹೂಂ ಅಂದಳು, ಟ್ರಂಕು ತುಂಬಿದಳು, ಮತ್ತೆ ಅರ್ಧ ಬಟ್ಟೆ ಹೊರಗೆ ತೆಗೆದಳು.

ಭಾನುವಾರ ಊರಿಗೆಲ್ಲ ಮಂಜು ಕವಿದಿತ್ತು. ಬೆಳಿಗ್ಗೆ ಸುಟ್ಟ ಹಪ್ಪಳ ಊಟದ ಹೊತ್ತಿಗೆ ಮೆತ್ತಗಾಗಿದೆ ಅಂತ ತಾಯಿ ವೆಂಕಟಲಕ್ಷ್ಮಮ್ಮ ಗೊಣಗುತ್ತ ಮತ್ತೆ ಕೆಂಡಕ್ಕೆ ಹಿಡಿದರು. ಪಂಕಜಳ ಕೈ ಎಲೆಯಲ್ಲೇ ನಿಂತಿತು. ಪುಡಿಯ ತೂತುಗಳೂ ಹೀಗೇ ಗಾಳಿಯ ತೇವ ಕುಡಿಯುತ್ತಿದ್ದರೆ? ಜೋರಾಗಿ ಸೆಳೆದ ದಿನ, ಕಾಯಿಸಿದ ಕೂಡಲೇ ತೂಗಿದ್ದಳು. ಸಪ್ಪೆಯಾದ ದಿನ ತಕ್ಕಡಿ ಬೇರೆಯವರ ಕೈಯಲ್ಲಿತ್ತು, ಪುಡಿ ಹೊರಗೇ ಬಿದ್ದಿತ್ತು. ಎಲ್ಲ ಸಲವೂ ಹಾಗೆಯೇ ಇತ್ತೇ? ನೆನಪು ಕೈಕೊಟ್ಟಿತು.

"ಹೆಡ್‌ಮೇಷ್ಟ್ರಿಗೆ ಹೇಳಿಬಿಡಿ ಅಪ್ಪ, ನಾನು ಸೇರಲ್ಲ."

"ಪುಡಿ ವಿಷಯ ತಿಳೀತೇನಮ್ಮ?"

"ಅರ್ಧ ತಿಳೀತು ಅನ್ಸುತ್ತೆ. ಅದೂ ತಪ್ಪಿರಬಹುದು."

ದಕ್ಷಿಣಾಮೂರ್ತಿ ಬೈಯಲಿಲ್ಲ. ಮರುದಿನ ಮಂಚೇನಹಳ್ಳಿ ಮೇಲೆ ಹೋಗುವ ಬಸ್ಸು ಹತ್ತಿ, ಗೌರಿಬಿದನೂರಿಗೆ ತಾವೇ ಹೋಗಿ ಕ್ಷಮೆ ಕೇಳಿ ಬಂದರು.

ಬೆಂಗಳೂರಿಗೆ ಹಿಂತಿರುಗಿದ ಪಂಕಜ ಕಾಯಿಸಿದ ಪುಡಿಯನ್ನು ಗಾಳಿಯಾಡದಂತೆ ಗಾಜಿನ ನಳಿಗೆಯಲ್ಲಿ ಮುಚ್ಚಿ ತೂಗಿದಳು. ದಿನಗಳು ಕಳೆದರೂ ಸೆಳೆತ ಅಲ್ಲಾಡಲಿಲ್ಲ. ನಳಿಗೆ ಒಡೆದು ಒಂದು ಹಗಲು ಗಾಳಿಗೆ ಇಟ್ಟಳು, ಸಪ್ಪೆ. ಪ್ರೊಫೆಸರು ಕನ್ನಡಕ ತೆಗೆದು, ಕೊಳೆ ಅಂದದ್ದು ತಮ್ಮ ತಪ್ಪು ಅಂದರು. ಅವಳಿಗೆ ಅದನ್ನು ಕೇಳಿ ಹಿಗ್ಗಲೂ ಬಿಡುವಿರಲಿಲ್ಲ. ಮತ್ತೆ ಕಾಯಿಸಿದಾಗ ಸೆಳೆತ ಮರಳಿತ್ತು, ಆದರೆ ಮೊದಲಿನಷ್ಟಲ್ಲ. ಒಣಗಿದ ಮೇಲೂ ಯಾಕೆ ಕಡಿಮೆ? ತೂತುಗಳು ಕುಸಿದವೋ, ನೀರು ಎಲ್ಲೋ ಉಳಿಯಿತೋ?

ಡಾಕ್ಟರೇಟಿನ ಪರೀಕ್ಷಕರೂ ಅದನ್ನೇ ಕೇಳಿದರು. ತಿಳಿದಿಲ್ಲ ಅಂದಳು, ಆದರೂ ಪಾಸು ಮಾಡಿದರು. ಬೆಂಗಳೂರಿನ ಆ ಪ್ರಯೋಗಶಾಲೆಯಲ್ಲೇ ಕೆಲಸ ಖಾಯಂ ಆದ ದಿನ ಊರಿಗೆ ಸುದ್ದಿ ಹೇಳಲು ಹೊರಟವಳು, ಸೆಳೆತದಲ್ಲಿ ಕಳೆದುಹೋದ ಆ ಪಾಲಿನ ಯೋಚನೆಯಲ್ಲಿ ಬಸ್ಸು ತಪ್ಪಿಸಿಕೊಂಡಳು.