ಕಂಪ್ಯೂಟರಿಗೆ ಇಟ್ಟ ಕುಂಕುಮ

ತಣ್ಣಗಿದೆ ನೆಲ, ರಾಬರ್ಟ್‌ಸನ್‌ಪೇಟೆ ಇಡೀ ಬೇಯುತ್ತಿದ್ದರೂ ಸ್ಕೂಲಿನ ಈ ಒಂದು ಕೋಣೆಗೆ ಏಸಿ, ಚಪ್ಪಲಿ ಹೊರಗೆ, ಪೊರಕೆ ಮೆಲ್ಲಗೆ, ಧೂಳೆಬ್ಬಿಸಬೇಡ ಪಾಪಕ್ಕ ಅಂತಾರೆ ಬಚ್ಚಪ್ಪ ಮೇಷ್ಟ್ರು, ಧೂಳು ಕಂಪ್ಯೂಟರಿಗೆ ಆಗೋದಿಲ್ಲವಂತೆ, ಮೈಸೂರು ಮೈನ್ಸ್ ಚಿನ್ನದ ಗಣಿಯ ಧೂಳು ಕುಡಿದು ಕೆಮ್ಮುವ ನನ್ನ ಗಂಡ ಆಂಜಿನಪ್ಪನಿಗೆ ಮಾತ್ರ ಆಗುತ್ತದೆ — ಇರಲಿ, ಒರೆಸು, ಹತ್ತಕ್ಕೆ ಆಫೀಸರ ಬಂಗಲೆ ಮಕ್ಕಳು ಬರುತ್ತಾರೆ, ಬಿಳಿ ಕಾಲುಚೀಲದವರು, ಗಣಿಯವರ ಸಾಲುಮನೆಗಳ ಕೂಲಿ ಲೈನಿನ ನಮ್ಮ ಜಾತಿ ಮಕ್ಕಳು ಜಗಲಿಯಲ್ಲಿ ಕೂತು ಕಂಪ್ಯೂಟರಿನ ಚಿತ್ರ ಬರೆಯಬೇಕು, ಮೂರನೇ ಕ್ಲಾಸಿನ ನನ್ನ ಮಗಳು ಮಾರಿ ಬರೆದದ್ದೇ ಬರೆದದ್ದು, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಷ್ಟೂ ಗುಂಡಿಗಳು, ಊಟಕ್ಕೆ ಕೂತರೂ ಬೆರಳು ಕುಣಿಯುತ್ತಿತ್ತು, ಅಮ್ಮಾ ನಮ್ ಪಾಳಿ ಯಾವಾಗ, ದಸರಾ ಅಬ್ಬ ಆಗ್ಲಿ ಕಣೇ, ಆಮೇಲೆ ನಿಮ್ಗೂ ಐತೆ ಅಂತ ಮೇಷ್ಟ್ರು ಏಳವ್ರೆ. ಹಬ್ಬ — ನೆನೆಯಬಾರದು, ನೆನೆಯದೆ ಈ ಗುಂಡಿಗಳನ್ನು ಒರೆಸುವುದು ಹೇಗೆ, ರಜಕ್ಕೆ ಎರಡು ದಿನ ಇತ್ತು, ಸಂಜೆ, ಎಲ್ಲರೂ ಹೋದ ಮೇಲೆ, ಬೀಗದಕೈ ನನ್ನ ಸೊಂಟದಲ್ಲಿ, ಗಂಡ ತನ್ನ ಡ್ರಿಲ್ಲಿಗೆ ಕುಂಕುಮ ಹಚ್ಚುವುದಿಲ್ಲವೇ, ಟೈಲರು ಮಿಷನ್ನಿಗೆ ಹಚ್ಚುವುದಿಲ್ಲವೇ, ಇದಕ್ಕೆ ಮಾತ್ರ ಆಯುಧಪೂಜೆ ಯಾರೂ ಮಾಡಿಲ್ಲವಲ್ಲ, ಬಾರೇ ಮಾರಿ, ನೀನೇ ಇಡು, ಒಂದೊಂದು ಗುಂಡಿಗೂ ಒಂದೊಂದು ಬೊಟ್ಟು, ಕುಂಕುಮವನ್ನು ನೀರುನೀರಾಗಿ ಕಲೆಸಿದ್ದು ನಾನು, ನಾನೇ, ಮಗು ಉಸಿರು ಬಿಗಿಹಿಡಿದು ಇಟ್ಟಿತು, ಅಂಥ ಸಂತೋಷದ ಮುಖ ನಾನು ಕಂಡೇ ಇರಲಿಲ್ಲ. ಬೆಳಿಗ್ಗೆ ಗುಂಡಿಗಳೆಲ್ಲ ಅಂಟಿಕೊಂಡು ಕೂತಿದ್ದವು, ಹೆಡ್ ಮೇಡಂ ವೆಂಕಟರತ್ನಮ್ಮ ಲೈನ್ ಮಕ್ಕಳನ್ನು ಮಾತ್ರ ಸಾಲಾಗಿ ನಿಲ್ಲಿಸಿದರು, ಚಾಚಿ ಕೈ, ತಿರುಗಿಸಿ, ಬಂಗಲೆ ಮಕ್ಕಳ ಕೈ ಯಾರೂ ನೋಡಲಿಲ್ಲ, ಮಾರಿಯ ಬೆರಳು ಕೆಂಪು, ಯಾರೇ ನಿನ್ನ ಒಳಗೆ ಬಿಟ್ಟಿದ್ದು, ಮಗು ನನ್ನ ಕಡೆ ನೋಡಿತು, ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದೆ, ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಮನೆಯಲ್ಲಿ ಆ ಕೆಮ್ಮು — ನಾನು ನೆಲ ನೋಡಿದೆ. ನಾನೇ ಬೀಗದಕೈ ಎತ್ಕೊಂಡು ಬಂದೆ ಮೇಡಂ, ಅಮ್ಮಂಗೆ ಗೊತ್ತಿಲ್ಲ. ನೋಡಿದ್ರಾ ಬಚ್ಚಪ್ಪನೋರೇ, ಇವರನ್ನೂ ಒಳಗೆ ಬಿಡೋಣ ಅಂತಿದ್ರಲ್ಲ. ಬಂಗಾರಪೇಟೆಯಿಂದ ಯಾರೋ ಬಂದು ಮೂರೇ ದಿನದಲ್ಲಿ ಸರಿ ಮಾಡಿಕೊಟ್ಟರು, ಲೈನ್ ಮಕ್ಕಳ ಪಾಳಿ ಹೋಯಿತು, ಮಾರಿಯದೊಂದೇ ಅಲ್ಲ, ಅಷ್ಟೂ ಮಕ್ಕಳದು, ಥೂ ನನ್ನ ಜನ್ಮಕ್ಕೆ, ಕ್ಯಾಲೆಂಡರನ್ನು ಅವಳೇ ಒಲೆಗೆ ಹಾಕಿದಳು, ಬಿಡಮ್ಮಾ, ನಂಗ್ಬ್ಯಾಡ. ಒರೆಸು ಪಾಪಕ್ಕ, ಒರೆಸು, ಈ ಸಂದಿಯಲ್ಲಿ ಇನ್ನೂ ಚೂರು ಕೆಂಪಿದೆ, ಬಟ್ಟೆ ಹೋಗುವುದಿಲ್ಲ, ಉಗುರೂ ಹೋಗುವುದಿಲ್ಲ, ಹೊರಗೆ ಜಗಲಿಯಲ್ಲಿ ಲೈನ್ ಮಕ್ಕಳು ಆಗಲೇ ಬಂದು ಕೂತಿವೆ, ಮಾರಿ ಕಂಬಕ್ಕೆ ಒರಗಿ, ಸ್ಲೇಟು ಖಾಲಿ, ಈ ಕಡೆ ನೋಡುವುದೇ ಇಲ್ಲ, ಒಮ್ಮೆ ನೋಡೇ, ಬೈಯೇ ನನ್ನ — ಒರೆಸು — ಚಾಚಿದ ಆ ಕೈ, ಆ ಕೆಂಪು ಬೆರಳು, ನಾನು ನೆಲ ನೋಡಿದೆ, ಕೆಂಪು ಬೆರಳು