ಪಾಂಗ್ ತಂದ ಹಾಲಿನ ಪೆಟ್ಟಿಗೆ

ಕಾರ್ಮಿಕ ಸಂಘದ ಪಾಂಗ್ ದೊಡ್ಡಪ್ಪ ಹಾಲಿನ ಪೆಟ್ಟಿಗೆ ಹಿಡಿದು ನಮ್ಮ ಕಟ್ಟಡದ ಕಡೆ ಬರುತ್ತಿರುವುದನ್ನು ಮನೆಯಲ್ಲಿ ಮೊದಲು ನೋಡಿದವಳು ನಾನು. ಅಡುಗೆಮನೆಯ ಕಿಟಕಿಯ ಬಳಿ ನಿಂತು ತಾವರೆ ಗೆಡ್ಡೆ ಹೆಚ್ಚುತ್ತಿದ್ದೆ. ಅವರು ಬರಿಗೈಲಿ ಬಂದರೆ ಹರಟೆಗೆ ಬಂದಂತೆ. ಹಾಲಿನ ಪೆಟ್ಟಿಗೆ ತಂದರೆ ಆ ಮನೆಯಲ್ಲಿ ಒಬ್ಬರ ಕೆಲಸ ಹೋದಂತೆ. ಕಾರ್ಖಾನೆಯ ವಸತಿಯಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು. ಅವರು ಮೆಟ್ಟಿಲು ಹತ್ತತೊಡಗಿದಾಗ ಕೆಳಗಿನ ಮನೆಗಳಲ್ಲಿ ಮಾತು ನಿಂತಿತು. ಅವರು ದಾಟಿ ಮೇಲೆ ಬಂದ ಹಾಗೆಲ್ಲ ಒಂದೊಂದು ಮನೆಯ ಟೀವಿ ಮತ್ತೆ ಜೋರಾಯಿತು.

"ಅಮ್ಮ, ಪಾಂಗ್ ದೊಡ್ಡಪ್ಪ."

"ಕೈಯಲ್ಲಿ?"

"ಹಾಲು."

ಅಮ್ಮ ಸ್ಟೂಲಿನ ಮೇಲಿದ್ದ ಬಟ್ಟೆಗಳನ್ನು ತೆಗೆದು ಹಾಸಿಗೆಯ ಮೇಲೆ ಹಾಕಿದಳು.

ಪಾಂಗ್ ದೊಡ್ಡಪ್ಪ ಏದುಸಿರು ಬಿಡುತ್ತಾ ಒಳಗೆ ಬಂದರು. ಕಿವಿಗೆ ಉಣ್ಣೆಯ ಮುಚ್ಚಳ, ಹೆಗಲ ಮೇಲೆ ಹಳೆಯ ಹತ್ತಿಯ ಕೋಟು.

"ಐದು ಮಹಡಿ! ಲಿಫ್ಟ್ ಹಾಕಿಸ್ತೀನಿ ಅಂತ ನಾನೇ ಅಲ್ವಾ ಹೇಳಿದ್ದು, ಶೆನ್ ತಂಗಿ?"

"ನೀವೇ. ನಾನು ಮದುವೆ ಆಗಿ ಬಂದ ವರ್ಷ," ಎಂದಳು ಅಮ್ಮ.

ಅವರು ನಕ್ಕರು. ಪೆಟ್ಟಿಗೆಯನ್ನು ಯಾರ ಕೈಗೂ ಕೊಡಲಿಲ್ಲ. ನೆಲದ ಮೇಲಿಟ್ಟು, ಕಾಲಿನಿಂದ ಮೆಲ್ಲಗೆ ಮೇಜಿನ ಕೆಳಗೆ ತಳ್ಳಿದರು. ಆಮೇಲೆ ಬಿಸಿನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೇ ನೋಡುತ್ತಾ ಮಾತಾಡಿದರು. ಪಾಲುದಾರರಾಗಿದ್ದ ಯುರೋಪಿನವರು ಈ ವರ್ಷದ ಕೊನೆಗೆ ಹೊರಟುಹೋಗುತ್ತಾರೆ. ಹೊಸ ವರ್ಷದ ಹಬ್ಬ ಕಳೆದ ಮೇಲೆ ಅದೇ ಶೆಡ್ಡುಗಳಲ್ಲಿ ನಮ್ಮ ಕಂಪನಿಯೇ ತನ್ನ ಸ್ವಂತ ಬ್ಯಾಟರಿ ಕಾರು ಮಾಡುತ್ತದೆ. ಅದಕ್ಕೆ ಇಷ್ಟು ಜನ ಬೇಡ.

"ಮನೆಗೆ ಒಬ್ರು ಅಂತ ಮೇಲಿನವರು ಹೇಳಿದಾರೆ. ನಿಮ್ಮನೇಲಿ ತಾಯಿ ಮಗಳು ಇಬ್ರು ಇದೀರ. ಯಾರು ಉಳೀಬೇಕು ಅಂತ ನೀವೇ ಮಾತಾಡ್ಕೊಳಿ. ನಾನು ಬಾಯಿ ಬಿಡಲ್ಲ. ಬಿಟ್ರೆ ಬೈಸ್ಕೋತೀನಿ."

"ಬಿಡದಿದ್ರೂ ಬೈತೀವಿ," ಎಂದಳು ಅಮ್ಮ.

"ಅದು ಸರಿ ಅನ್ನು."

ಅವರು ಹೋದ ಮೇಲೆ ಪೆಟ್ಟಿಗೆ ಮೇಜಿನ ಕೆಳಗೇ ಇತ್ತು. ತೆರೆಯದೆ ಇಟ್ಟರೆ ಮನೆಯವರು ಇನ್ನೂ ಯೋಚಿಸುತ್ತಿದ್ದಾರೆ ಎಂದರ್ಥ. ಸಂಘದ ಕಚೇರಿಗೆ ವಾಪಸು ಒಯ್ದಿಟ್ಟರೆ ಜಗಳಕ್ಕೆ ನಿಂತಿದ್ದಾರೆ ಎಂದು. ತೆರೆದರೆ ಒಪ್ಪಿದ್ದಾರೆ ಎಂದು. ನಾನು ಹುಟ್ಟುವ ಮೊದಲು, ಇಡೀ ದೇಶದಲ್ಲಿ ಸರಕಾರಿ ಕಾರ್ಖಾನೆಗಳು ಜನರನ್ನು ಕಳಿಸುತ್ತಿದ್ದ ಕಾಲದಲ್ಲಿ, ಇದೇ ಪಾಂಗ್ ಇದೇ ಮನೆಗೆ ಬಂದಿದ್ದರು. ಆಗ ಹಾಲಲ್ಲ, ಡಬ್ಬಿಯಲ್ಲಿಟ್ಟ ಪೀಚ್ ಹಣ್ಣು. ಅಪ್ಪ ಲಾರಿ ವಿಭಾಗದಲ್ಲಿದ್ದ, ಅಮ್ಮ ಬಣ್ಣದ ವಿಭಾಗದಲ್ಲಿ. ಅಪ್ಪ ಅದೇ ಸಂಜೆ ಡಬ್ಬಿ ಒಡೆದು ರಸ ಸಮೇತ ತಿಂದುಬಿಟ್ಟ. ಅಮ್ಮ ಉಳಿದಳು. ಈಗಲೂ ಯಾರಾದರೂ ಆ ಮಾತೆತ್ತಿದರೆ ಅಪ್ಪ, "ತುಂಬಾ ಸಿಹಿ ಇತ್ತು," ಎಂದಷ್ಟೇ ಹೇಳುತ್ತಾನೆ.

ಅಪ್ಪ ಈಗ ರಾತ್ರಿ ಪಾಳಿಯಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಕಾರು ನಮ್ಮ ಕಾರ್ಖಾನೆಯದ್ದೇ. ಆದರೆ ಅದರ ಹಿಂಭಾಗದಲ್ಲಿ ನಮ್ಮ ಕಂಪನಿಯ ಹೆಸರಿಲ್ಲ. ಕೊಂಡ ದಿನವೇ ಕಿತ್ತು ಹಾಕಿದ. "ಅವರು ನನ್ನ ಕಿತ್ರು, ನಾನು ಅವರನ್ನ ಕಿತ್ತೆ. ಸರಿಹೋಯ್ತು," ಎಂದು ಸವಾರಿಯವರಿಗೂ ಹೇಳುತ್ತಾನಂತೆ.

ಆ ಹೆಸರು ಅಂಟಿಸುವುದೇ ನನ್ನ ಕೆಲಸ. ಯುರೋಪಿನವರ ಗುರುತು ಹಿಂಬಾಗಿಲಿನ ನಟ್ಟನಡುವೆ, ಹೊಳೆಯುವ ಹಾಗೆ. ನಮ್ಮ ಕಂಪನಿಯ ನಾಲ್ಕು ಅಕ್ಷರ ಎಡಗಡೆ ಕೆಳಗೆ. ಅಚ್ಚಿಟ್ಟು, ಅಕ್ಷರಗಳನ್ನು ಕೂರಿಸಿ, ಅಂಗೈಯಿಂದ ಒತ್ತಿ, ಮುಂದಿನ ಕಾರಿಗೆ ಹೋಗಬೇಕು. ಮಾತಾಡಬೇಕಾಗಿಲ್ಲದ ಜಾಗ. ಅದಕ್ಕೇ ನನಗೆ ಹಿಡಿಸಿತ್ತು. ಕೊಳ್ಳುವವರು ಅಂಗಡಿಯಲ್ಲೇ ಆ ನಾಲ್ಕು ಅಕ್ಷರಗಳನ್ನು ಕೀಳಿಸಿ ಕಾರು ಮನೆಗೆ ಒಯ್ಯುತ್ತಾರೆ. ನಡುವಿನ ಗುರುತು ಮಾತ್ರ ಉಳಿದರೆ ಕಾರು ಹೊರದೇಶದಿಂದ ಬಂದಂತೆ ಕಾಣುತ್ತದೆ. ಬಸ್ಸಿನಲ್ಲಿ ಹೋಗುವಾಗ ನಾನು ಮುಂದಿನ ಕಾರುಗಳ ಎಡಗಡೆಯನ್ನೇ ನೋಡುತ್ತೇನೆ. ಧೂಳು ಕೂತ ಬಣ್ಣದಲ್ಲಿ ಅಕ್ಷರಗಳಿದ್ದ ಜಾಗ ಮಾತ್ರ ಸ್ವಲ್ಪ ತಿಳಿಯಾಗಿ ಉಳಿದಿರುತ್ತದೆ.

ಈಗ ಕಾರು ಜೋಡಿಸುವ ಸಾಲು ನಿಂತಿತ್ತು. ಮಾರಾಟವಾಗದ ಕಾರುಗಳು ನದಿಯ ಕಡೆಯ ಬಯಲಿನಲ್ಲಿ ತುಂಬಿದ್ದವು. ವರ್ಷ ಮುಗಿದ ಮೇಲೆ ಯುರೋಪಿನವರ ಗುರುತು ನಮ್ಮ ಯಾವ ಕಾರಿನ ಮೇಲೂ ಇರಕೂಡದು ಎಂದು ಒಪ್ಪಂದವಂತೆ. ಹಾಗಾಗಿ ಈ ಸಲ ನಡುವಿನದನ್ನು ಕೀಳಬೇಕು, ನಮ್ಮದನ್ನು ಬಿಡಬೇಕು. ನಾನು ಬಿಸಿಗಾಳಿ ಊದಿ, ಗಾಳದ ದಾರವನ್ನು ಗುರುತಿನ ಹಿಂದೆ ಹಾಯಿಸಿ, ಗರಗಸದಂತೆ ಎಳೆದು ಬಿಡಿಸುತ್ತಿದ್ದೆ. ಅಮ್ಮ ನನ್ನ ಹಿಂದೆ ಸ್ಪಿರಿಟ್ ಬಟ್ಟೆ ಹಿಡಿದು ಉಳಿದ ಅಂಟು ಒರೆಸುತ್ತಿದ್ದಳು. ಹಾನ್ ನದಿಯಿಂದ ಮಂಜು ಎದ್ದು ಕಾರುಗಳ ಮೇಲೆ ಕೂತಿರುತ್ತಿತ್ತು. ಬಿಸಿಗಾಳಿ ತಾಗಿದಲ್ಲಿ ಮಾತ್ರ ಬಣ್ಣ ಕಾಣುತ್ತಿತ್ತು.

ಪಕ್ಕದ ಸಾಲಿನಲ್ಲಿ ಗುವೋ ಅಣ್ಣ. ಅವನ ಮನೆಗೆ ಹಾಲು ಹೋಗಿ ವಾರವಾಗಿತ್ತು. ಹೆಂಡತಿ ಉಳಿಯುವುದು, ಅವನು ಹೋಗುವುದು ಎಂದಾಗಿತ್ತು.

"ಶೆನ್ ಅಕ್ಕ, ನೋಡಿದ್ರಾ ಕಾಲ? ಇಷ್ಟು ದಿನ ಜನ ಗಂಡನ ಹೆಸರು ಕಿತ್ತು ಬಿಸಾಕ್ತಿದ್ರು. ಈಗ ಹೆಂಡ್ತಿ ಸರದಿ."

"ಇದ್ರಲ್ಲಿ ಯಾರು ಗಂಡ, ಯಾರು ಹೆಂಡ್ತಿ?"

"ಮನೆ ಬಿಟ್ಟು ಹೋಗೋರು ಹೆಂಡ್ತಿ."

"ಹಂಗಾದ್ರೆ ನಿಮ್ಮನೇಲಿ ನೀನೇ ಹೆಂಡ್ತಿ. ಅಡುಗೆ ಕಲ್ತ್ಕೊ."

ಎಲ್ಲರೂ ನಕ್ಕರು. ಗುವೋ ಅಣ್ಣನೂ ನಕ್ಕ. ನಗು ಬೇಗ ಮುಗಿಯಿತು.

ನಗುವಾಗಲೂ ಅಮ್ಮ ಎಡಗೈಯಲ್ಲೇ ಒರೆಸುತ್ತಿದ್ದಳು. ಬಲಮೊಣಕೈ ಎತ್ತಲು ಆಗದೆ ಎಷ್ಟೋ ತಿಂಗಳಾಗಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಾನೂ ನೋಡಿದೆ ಎಂದು ಹೇಳಿರಲಿಲ್ಲ. ಇನ್ನು ಮೂರು ವರ್ಷಕ್ಕೆ ಅವಳಿಗೆ ಐವತ್ತು ತುಂಬಿ ನಿವೃತ್ತಿ, ಪಿಂಚಣಿ. ಈಗ ಬಿಟ್ಟರೆ ಅಲ್ಲಿಯವರೆಗೆ ಯಾರ ಮನೆಯಲ್ಲಾದರೂ ನೆಲ ಒರೆಸಬೇಕು. ಕೆಲಸದಲ್ಲಿ ಉಳಿದ ಹಳಬರಿಗೆ ಕೂತು ಭಾಗಗಳನ್ನು ಪರೀಕ್ಷಿಸುವ ಕೆಲಸ ಕೊಡುತ್ತಾರೆ ಎಂಬ ಸುದ್ದಿಯಿತ್ತು.

"ನೀನು ಉಳೀತೀಯ," ಎಂದಳು ಅಮ್ಮ, ಕಾರಿನ ಕಡೆಗೇ ನೋಡುತ್ತಾ. "ಪಾಂಗ್ ಅಣ್ಣ ಬಂದಾಗ ನಾನೇ ಹೇಳ್ಬಿಡ್ತೀನಿ. ಓದು ಅರ್ಧಕ್ಕೇ ಬಿಟ್ಟೆ. ಇದನ್ನೂ ಬಿಟ್ರೆ ಎಲ್ಲಿಗೆ ಹೋಗ್ತೀಯ? ಅಂಗಡೀಲಿ ನಿಲ್ಲೋಕೂ ನಾಲ್ಕು ಮಾತು ಬರ್ಬೇಕು."

ನಾನು ದಾರ ಎಳೆದೆ. ಗುರುತು ಕಳಚಿ ಕೈಗೆ ಬಂತು. ಬಕೆಟ್ಟಿಗೆ ಹಾಕಿದೆ.

"ಸುಯಿ, ಕೇಳಿಸ್ತಾ?"

ಕೇಳಿಸಿತ್ತು. ನಾನು ಸುಮ್ಮನಿದ್ದರೆ ಎಲ್ಲರೂ ಅದನ್ನು ಒಪ್ಪಿಗೆ ಎಂದೇ ತಿಳಿಯುತ್ತಾರೆ. ವೃತ್ತಿಶಾಲೆಯಲ್ಲಿ ಉತ್ತರ ಗೊತ್ತಿದ್ದಾಗಲೂ ಎದ್ದು ನಿಂತು ಹೇಳಲಾಗುತ್ತಿರಲಿಲ್ಲ. ಬಿಡುತ್ತೇನೆ ಎಂದೂ ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಬಸ್ಸು ಹತ್ತಲಿಲ್ಲ, ಅಷ್ಟೇ.

ಯುರೋಪಿನವರ ಎಂಜಿನಿಯರ್ ಹೆನ್ರಿಕ್ ಆ ಹೊತ್ತಿಗೆ ಸಾಲುಗಳ ನಡುವೆ ನಡೆದುಬಂದರು. ಅವರ ಕಡೆಯವರಲ್ಲಿ ಕೊನೆಗೆ ಉಳಿದಿದ್ದವರು ಅವರೊಬ್ಬರೇ. ಎಷ್ಟೋ ವರ್ಷಗಳಿಂದ ಇಲ್ಲಿದ್ದರೂ ನಮ್ಮ ಭಾಷೆಯಲ್ಲಿ ಅವರಿಗೆ ಬರುತ್ತಿದ್ದದ್ದು ಸಾಹೇಬರು ಕೆಲಸಗಾರರಿಗೆ ಹೇಳುವ ಒಂದೇ ಮಾತು.

"ತುಂಬಾ ಕಷ್ಟಪಟ್ರಿ," ಎಂದರು.

ಬಗ್ಗಿ ಬಕೆಟ್ಟಿನಿಂದ ಒಂದು ಗುರುತನ್ನು ತೆಗೆದು ಹೆಬ್ಬೆರಳಿನಿಂದ ಒರೆಸಿದರು. ಇಟ್ಟುಕೊಳ್ಳಿ ಎಂದು ಅಮ್ಮ ಕೈಸನ್ನೆ ಮಾಡಿದಳು. ಅವರು ಬೇಡವೆಂದು ತಲೆಯಾಡಿಸಿ, ಅದನ್ನು ಮೊದಲಿದ್ದ ಹಾಗೆಯೇ ಇಟ್ಟು ಹೊರಟರು.

ಅಮ್ಮ ಅವರ ಬೆನ್ನನ್ನು ನೋಡಿದಳು. "ಪಾಪ, ಅವರ ಮನೆಗೆ ಹಾಲು ತಗೊಂಡು ಹೋಗೋರು ಯಾರು?"

ಸಂಜೆಯ ಹೊತ್ತಿಗೆ ನಾವು ಬಿಟ್ಟುಬಂದ ಸಾಲುಗಳಲ್ಲಿ ನನ್ನ ನಾಲ್ಕು ಅಕ್ಷರಗಳು ಮಾತ್ರ ಉಳಿದಿದ್ದವು. ಇವನ್ನು ಕೊಳ್ಳುವವರೂ ಮೊದಲು ಅವನ್ನೇ ಕೀಳಿಸುತ್ತಾರೆ. ಆಮೇಲೆ ಕಾರಿನ ಹಿಂದೆ ಏನೂ ಇರುವುದಿಲ್ಲ.

ಹೀಗೆ ದಿನಗಳು ಹೋದವು. ಮನೆಯಲ್ಲಿ ಮೂವರೂ ಆ ಪೆಟ್ಟಿಗೆಗೆ ಕಾಲು ತಾಗದಂತೆ ಕೂತು ಊಟ ಮಾಡುತ್ತಿದ್ದೆವು. ನೆಲ ಗುಡಿಸುವಾಗ ಅಮ್ಮ ಅದನ್ನು ಎತ್ತಿ, ಕೆಳಗೆ ಗುಡಿಸಿ, ಮತ್ತೆ ಅಲ್ಲೇ ಇಡುತ್ತಿದ್ದಳು.

ಒಂದು ಬೆಳಿಗ್ಗೆ ನಾನು ಎದ್ದು ಬಂದಾಗ ಅಪ್ಪ ಪಾಳಿ ಮುಗಿಸಿ ಬಂದು ಮೇಜಿನ ಮುಂದೆ ಕೂತಿದ್ದ. ಕೋಟು ಬಿಚ್ಚಿರಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು. ಬಾಯಲ್ಲಿ ಸ್ಟ್ರಾ. ಮೇಜಿನ ಕೆಳಗೆ ಪೆಟ್ಟಿಗೆಯ ಮುಚ್ಚಳ ಹರಿದಿತ್ತು.

ಬಚ್ಚಲಿನಿಂದ ಹಲ್ಲುಜ್ಜುತ್ತಾ ಬಂದ ಅಮ್ಮ ಅಲ್ಲೇ ನಿಂತಳು. ಬಾಯಿಯ ನೊರೆ ಉಗಿಯುವುದಕ್ಕೂ ಹೋಗಲಿಲ್ಲ.

"ಏನ್ರೀ ಮಾಡ್ತಿದೀರ?"

"ಹಸಿವು. ಗೋಮಾಂಸದ ನೂಡಲ್ ಅಂಗಡಿ ಇನ್ನೂ ತೆಗ್ದಿರ್ಲಿಲ್ಲ."

"ಅದು ಯಾವ ಹಾಲು ಅಂತ ಗೊತ್ತಾ ನಿಮ್ಗೆ?"

ಅಪ್ಪ ಪೊಟ್ಟಣವನ್ನು ದೂರ ಹಿಡಿದು ನೋಡಿದ. ಆಮೇಲೆ ಬಗ್ಗಿ ಮೇಜಿನ ಕೆಳಗೆ ನೋಡಿದ.

"ಅಯ್ಯೋ."

"ಅದು ಈ ಮನೇಲಿ ಒಬ್ರು ಹೋಗ್ಲಿ ಅಂತ ತಂದಿರೋದು. ನೀವು ಆಗ್ಲೇ ಹೋಗಿದೀರಲ್ಲ!"

"ಹಂಗಾದ್ರೆ ನಾನು ಕುಡಿದಿದ್ದು ಲೆಕ್ಕಕ್ಕಿಲ್ಲ ಅಂತ ಹೇಳು."

ಅಮ್ಮನಿಗೆ ನಗು ತಡೆಯಲಾಗದೆ ಟೂತ್‌ಪೇಸ್ಟಿನ ನೊರೆ ಗಲ್ಲದ ಮೇಲೆ ಇಳಿಯಿತು. ಅಪ್ಪನೂ ನಕ್ಕ. ತೆರೆದದ್ದು ತೆರೆದಾಯಿತೆಂದು ಅಪ್ಪ ಪೊಟ್ಟಣದಲ್ಲಿ ಉಳಿದದ್ದನ್ನೂ ಕುಡಿದು ಮುಗಿಸಿದ. "ಪೀಚ್ ಥರ ಇಲ್ಲ," ಎಂದು ಹಾಸಿಗೆಗೆ ಹೋದ.

ನಾನು ಜೇಬಿನಲ್ಲಿದ್ದ, ಅಕ್ಷರ ಅಂಟಿಸುವ ಎರಡೂ ಬದಿ ಅಂಟಿರುವ ಟೇಪಿನಿಂದ ಮುಚ್ಚಳವನ್ನು ಮತ್ತೆ ಅಂಟಿಸಿದೆ. ಹರಿದದ್ದು ಗೊತ್ತೇ ಆಗುತ್ತಿರಲಿಲ್ಲ. ಆದರೆ ಅಮ್ಮ ಖಾಲಿ ಪೊಟ್ಟಣವನ್ನು ಕಸದ ಜೊತೆ ಕೆಳಗೆ ಇಟ್ಟುಬಂದಿದ್ದಳು. ಕೆಳಗಿನ ಮನೆಯವರು ಅದನ್ನು ನೋಡಿದರು. ಮಧ್ಯಾಹ್ನ ಬಯಲಿನಲ್ಲಿ ಗುವೋ ಅಣ್ಣ, "ತೆಗೆದ್ರಂತೆ?" ಎಂದು ಕೇಳಿದ. ನಾವು ಸಂಜೆ ಮನೆಗೆ ಬರುವ ಹೊತ್ತಿಗೆ ಪಾಂಗ್ ದೊಡ್ಡಪ್ಪ ಬಂದು ಸ್ಟೂಲಿನ ಮೇಲೆ ಕೂತಿದ್ದರು. ಪಾಳಿಗೆ ಹೊರಡುವ ಮುಂಚೆ ಅಪ್ಪ ಅವರೆದುರು ಕಾಲುಚೀಲ ಹಾಕಿಕೊಳ್ಳುತ್ತಿದ್ದ.

"ಯಾನ್, ಈ ಸಲಾನೂ ನೀನೇ ತೆಗೆದ್ಯಂತೆ."

"ಅಭ್ಯಾಸ."

ಪಾಂಗ್ ದೊಡ್ಡಪ್ಪ ನಗಲಿಲ್ಲ. ಅವರ ಮುಖ ಬೂದಿಯ ಹಾಗಿತ್ತು. ಆ ದಿನ ಅವರು ಎಷ್ಟು ಮನೆಗಳ ಮೆಟ್ಟಿಲು ಹತ್ತಿದ್ದರೋ.

"ಹೆಂಗೋ ತೆಗೆದಾಗಿದೆ. ನಂಗೂ ಸಾಕಾಗಿದೆ, ಶೆನ್ ತಂಗಿ. ಮತ್ತೆ ಇನ್ನೊಂದ್ಸಲ ಹತ್ತಿಸಬೇಡಿ. ಯಾರು ಅಂತ ಹೇಳಿ, ಹೋಗ್ತೀನಿ."

ಅಮ್ಮ ಕೈ ಒರೆಸಿಕೊಂಡಳು. ಅವಳು ಉಸಿರೆಳೆದುಕೊಳ್ಳುವುದು ನನಗೆ ಕೇಳಿಸಿತು. ಅವಳು ಬಾಯಿ ತೆರೆದರೆ ಮುಗಿಯಿತು. ನಾನು ಸುಮ್ಮನಿರುತ್ತೇನೆ, ಎಲ್ಲರೂ ಅದನ್ನು ಒಪ್ಪಿಗೆ ಎನ್ನುತ್ತಾರೆ.

ನಾನು ಮೇಜಿನ ಕೆಳಗೆ ಬಗ್ಗಿದೆ. ಅಂಟಿಸಿದ್ದ ಟೇಪು ಸುಲಭವಾಗಿ ಬಿಡಲಿಲ್ಲ. ನಾನೇ ಅಂಟಿಸಿದ್ದಲ್ಲವೇ. ಮುಚ್ಚಳ ಮತ್ತೆ ಹರಿಯಿತು. ಒಂದು ಪೊಟ್ಟಣ ತೆಗೆದು, ಸ್ಟ್ರಾ ಚುಚ್ಚಿ, ನಿಂತುಕೊಂಡೇ ಕುಡಿಯತೊಡಗಿದೆ.

ಹಾಲು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಸ್ಟ್ರಾದ ಸದ್ದು ಇಡೀ ಕೋಣೆಗೆ ಕೇಳಿಸುತ್ತಿತ್ತು.

"ಸುಯಿ," ಎಂದರು ಪಾಂಗ್ ದೊಡ್ಡಪ್ಪ ಮೆಲ್ಲಗೆ. "ಏನ್ ಮಾಡ್ತಿದೀಯ ಅಂತ ಗೊತ್ತು ತಾನೆ?"

ಕುಡಿಯುತ್ತಲೇ ಹೌದೆಂದು ತಲೆಯಾಡಿಸಿದೆ.

"ಅವಳಿಗೇನು ಗೊತ್ತು!" ಅಮ್ಮ ಕೂಗಿದಳು. "ಹುಡುಗಾಟ ಆಡ್ತಿದಾಳೆ. ಪಾಂಗ್ ಅಣ್ಣ, ನಾನು ಹೇಳೋದು ಕೇಳಿ, ನಾನು..."

"ಅಮ್ಮಂಗೆ ಹಾಲು ಆಗಲ್ಲ," ಎಂದೆ ನಾನು. "ಕೈನೂ ನೋವು. ಕೂತ್ಕೊಳ್ಳೋ ಕೆಲಸ ಕೊಡಿ ಅವಳಿಗೆ."

ಹೊರಗಿನವರ ಮುಂದೆ ನಾನು ಅಷ್ಟು ಉದ್ದ ಮಾತಾಡಿದ್ದು ನನಗೆ ನೆನಪಿಲ್ಲ. ಅಮ್ಮ ತನ್ನ ಬಲಮೊಣಕೈಯನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು. ಅಪ್ಪ ಒಂದು ಕಾಲಿಗೆ ಮಾತ್ರ ಕಾಲುಚೀಲ ಹಾಕಿಕೊಂಡು ನೆಲ ನೋಡುತ್ತಿದ್ದ.

ಪಾಂಗ್ ದೊಡ್ಡಪ್ಪ ಎದ್ದರು. "ಕೇಳ್ತೀನಿ. ಕೊಡಿಸ್ತೀನಿ ಅನ್ನಲ್ಲ, ಕೇಳ್ತೀನಿ. ಲಿಫ್ಟ್ ಥರ ಆಗಬಾರದು." ಬಾಗಿಲಲ್ಲಿ ನಿಂತು, ಹೇಳುವುದು ಬೇರೇನೋ ಇದ್ದಂತೆ ನನ್ನ ಕಡೆ ನೋಡಿದರು. "ತುಂಬಾ ಕಷ್ಟಪಟ್ಟೆ ನೀನು," ಎಂದು ಹೇಳಿ ಇಳಿದುಹೋದರು.

ಅಪ್ಪ ಇನ್ನೊಂದು ಕಾಲುಚೀಲ ಹುಡುಕಿ ಹಾಕಿಕೊಂಡ. ಕಾರಿನ ಕೀ ತೆಗೆದುಕೊಂಡು ನನ್ನ ಪಕ್ಕ ಬಂದು ನಿಂತ.

"ಸಿಹಿ ಇದ್ಯಾ?"

"ಇಲ್ಲ."

"ನಾನೂ ಅದನ್ನೇ ಹೇಳಿದ್ದು," ಎಂದು ಹೊರಟ.

ಅಮ್ಮ ಒಲೆಯ ಮೇಲಿನ ಸಾರನ್ನು ಕದಡಿದಳು, ಇದ್ದ ಜಾಗದಲ್ಲೇ ಇದ್ದ ಚಾಪ್‌ಸ್ಟಿಕ್‌ಗಳನ್ನು ತೆಗೆದು ಮತ್ತೆ ಅಲ್ಲೇ ಇಟ್ಟಳು. ಆಮೇಲೆ ಥಟ್ಟನೆ ಬಂದು ಅರ್ಧ ಮುಗಿದ ಪೊಟ್ಟಣವನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಈ ಚಳೀಲಿ ತಣ್ಣಗಿರೋದನ್ನ ಯಾರಾದ್ರೂ ಕುಡೀತಾರಾ? ನಾಳೆ ಹೊಟ್ಟೆ ನೋವು ಅಂತ ನನ್ನ ಹತ್ರ ಬರಬೇಡ."

ತಟ್ಟೆಯಂಥ ಅಗಲದ ಪಾತ್ರೆಗೆ ಫ್ಲಾಸ್ಕಿನ ಬಿಸಿನೀರು ಸುರಿದು ಪೊಟ್ಟಣವನ್ನು ಅದರಲ್ಲಿ ನಿಲ್ಲಿಸಿದಳು. ಅದು ವಾಲಿತು. ಎಡಗೈಯಿಂದ ನೆಟ್ಟಗೆ ಹಿಡಿದುಕೊಂಡು, ಬಿಸಿಯಾಗುವವರೆಗೂ ಹಾಗೆಯೇ ನಿಂತಿದ್ದಳು.