ಹಗ್ಗದ ತುದಿಯ ಗಂಟು

ದೋಣಿ ದಡ ಬಿಟ್ಟು ಹತ್ತು ನಿಮಿಷವಾದ ಮೇಲೆ ದೀಕ್ಷಿತಾ ತಾನೇ ಹಾಕಿದ ಗಂಟನ್ನು ನೋಡಿದಳು.

ಸ್ಪಿನ್ನೇಕರ್ ಎಂದರೆ ಹಿಂದಿನಿಂದ ಗಾಳಿ ಬೀಸುವಾಗ ದೋಣಿಯ ಮುಂದೆ ಬಲೂನಿನ ಹಾಗೆ ಉಬ್ಬಿ ನಿಲ್ಲುವ ಹಾಯಿ. ಅದರ ಕೆಳಗಿನ ಎರಡು ಮೂಲೆಗಳಿಗೆ ಎರಡು ಹಗ್ಗ. ಎರಡೂ ಹಿಂಬದಿಯ ರಾಟೆಗಳಲ್ಲಿ ಹಾದು ಅವಳ ಕೈಗೆ ಬರುತ್ತವೆ. ಗಾಳಿ ಕೈಮೀರಿದರೆ ಹಗ್ಗ ಬಿಟ್ಟುಬಿಡಬೇಕು. ಅದು ರಾಟೆಯಿಂದ ಪೂರ್ತಿ ಕಳಚಿಕೊಂಡರೆ ಮಾತ್ರ ಹಾಯಿಯ ಉಬ್ಬು ಇಳಿಯುತ್ತದೆ, ಇಲ್ಲವಾದರೆ ದೋಣಿ ಮಗುಚುತ್ತದೆ. ಆದ್ದರಿಂದ ಆ ಹಗ್ಗಗಳ ತುದಿಗೆ ಗಂಟು ಹಾಕುವ ಹಾಗಿಲ್ಲ.

ಅದು ಅವಳಿಗೆ ಗೊತ್ತಿತ್ತು, ಅವಳ ಕೈಗೆ ಗೊತ್ತಿರಲಿಲ್ಲ. ಅಪ್ಪ ಚೆನ್ನಪ್ಪ ಬೆಂಗ್ರೆಯಲ್ಲಿ ಮೀನು ಹಿಡಿಯುವ ಟ್ರಾಲ್ ಬೋಟು ನಡೆಸುವ ತಾಂಡೇಲ. ತುದಿಗೆ ಗಂಟಿಲ್ಲದ ಹಗ್ಗ ಸಮುದ್ರಕ್ಕೆ ಕೊಟ್ಟ ಹಾಗೆ ಎಂದು ಏಳನೇ ವಯಸ್ಸಿನಲ್ಲೇ ಅವಳಿಗೆ ಕಲಿಸಿದ್ದ. ಬೆಳಿಗ್ಗೆ ಮರಳಿನಲ್ಲಿ ಕೂತು ಹಾಯಿ ಸಜ್ಜು ಮಾಡುವಾಗ ಕೈ ತನ್ನಷ್ಟಕ್ಕೆ ಎರಡೂ ತುದಿಗೆ ಗಂಟು ಹಾಕಿತ್ತು, ಅವಳು ಹಲ್ಲಿನಲ್ಲಿ ಕಚ್ಚಿ ಬಿಗಿದಿದ್ದಳು.

ಎಡಗಡೆಯದನ್ನು ಹೇಗೋ ಬಿಚ್ಚಿದಳು. ಬಲಗಡೆಯದು ನೀರು ಕುಡಿದು ಕಲ್ಲಾಗಿತ್ತು. ಉಗುರು ಮುರಿಯಿತೇ ವಿನಾ ಗಂಟು ಅಲ್ಲಾಡಲಿಲ್ಲ.

ಚೂರಿ ಇದ್ದದ್ದು ಚುಕ್ಕಾಣಿ ಹಿಡಿದು ಕೂತಿದ್ದ ಜೊತೆಗಾರ ಗೇವಿನ್‌ನ ಕಿಸೆಯಲ್ಲಿ. ಕೇಳಿದರೆ ಯಾಕೆ ಎನ್ನುತ್ತಾನೆ. ಹೋದ ವಾರ ಅವಳು ಹಾಯಿ ಏರಿಸುವ ಹಗ್ಗದ ತುದಿ ಕೈಬಿಟ್ಟಿದ್ದಳು, ಅದು ಹಾಯಿಕಂಬದ ತುದಿಗೆ ಹೋಗಿ ಕೂತಿತ್ತು. "ಇನ್ನೊಂದು ತಪ್ಪಾದ್ರೆ ಗೋವಾಕ್ಕೆ ನಿನ್ನ ಬದಲು ಕ್ಯಾಲ್ವಿನ್‌ನನ್ನು ಕರ್ಕೊಂಡು ಹೋಗ್ತೇನೆ" ಎಂದಿದ್ದ ಗೇವಿನ್. ಶುಕ್ರವಾರ ಗೋವಾದಲ್ಲಿ ರೇಸು. ದೋಣಿಯಲ್ಲಿ ಇಬ್ಬರಿಗೇ ಜಾಗ.

"ಎಂತ ಹುಡುಕ್ತಾ ಇದ್ದಿ ಅಲ್ಲಿ? ಬಂಗುಡೆ ಸಿಕ್ಕಿತಾ?"

"ಎಂತ ಇಲ್ಲ."

ಅಳಿವೆಯ ಹತ್ತಿರ ಗುರುತಿಗೆ ತೇಲಬಿಟ್ಟ ಕಿತ್ತಳೆ ಬಣ್ಣದ ಬೋಯೆ ಸುತ್ತಿ ದೋಣಿ ತಿರುಗಿತು. ಗಾಳಿ ಈಗ ಬೆನ್ನಿಗೆ.

"ಏರಿಸು!"

ಈಗ ಹೇಳಬಹುದಿತ್ತು. ಅವಳು ಹಾಯಿ ಏರಿಸುವ ಹಗ್ಗ ಎಳೆದಳು. ಕೆಂಪು ಹಾಯಿ ಸರಸರ ಮೇಲೇರಿ, ಒಮ್ಮೆ ಪಟಪಟಿಸಿ, ಧಡ್ ಎಂದು ತುಂಬಿಕೊಂಡಿತು. ದೋಣಿ ಮುನ್ನುಗ್ಗಿತು.

"ಚಂದ ಉಂಟು ಮಾರಾಯ್ತಿ! ಹೀಗೇ ಹಿಡಿ!"

ಹೊಗಳಿಕೆ ಕಿವಿಗೆ ಹೋಗಲಿಲ್ಲ. ಅವಳು ನೋಡುತ್ತಿದ್ದದ್ದು ನೀರನ್ನು. ಹಿಂದಿನಿಂದ ಜೋರು ಗಾಳಿ ಎಬ್ಬಿಸಿದ ಕಪ್ಪು ತೆರೆಪಟ್ಟಿಯೊಂದು ಓಡಿ ಬರುತ್ತಿತ್ತು. ಎದುರಿನಿಂದ, ಮೀನು ಬಂದರಿನ ದಕ್ಕೆ ಬಿಟ್ಟು ಹೊರಟ ಟ್ರಾಲ್ ಬೋಟು.

ಗಾಳಿ ಬಡಿಯಿತು. ದೋಣಿ ಬಲಕ್ಕೆ ವಾಲಿತು, ಅಂಚಿನ ಮೇಲೆ ನೀರು ಹತ್ತಿತು.

"ಬಿಡು! ಹಗ್ಗ ಬಿಡು!"

"ಬಿಟ್ಟಿದ್ದೇನೆ!"

ಹಗ್ಗ ಅಂಗೈ ಸುಡುತ್ತಾ ಓಡಿ, ಟಕ್ಕನೆ ನಿಂತಿತು. ಗಂಟು ರಾಟೆಗೆ ಕಚ್ಚಿಕೊಂಡಿತ್ತು. ಹಾಯಿ ಮತ್ತೆ ತುಂಬಿತು. ಟ್ರಾಲ್ ಬೋಟು ಹಾರ್ನ್ ಹೊಡೆಯಿತು.

"ಮತ್ತೆ ಹೋಗುದಿಲ್ಲ ಯಾಕೆ ಅದು?"

"ಗಂಟು ಉಂಟು! ಚೂರಿ!"

ಗೇವಿನ್‌ನ ಎರಡೂ ಕೈ ಚುಕ್ಕಾಣಿಯಲ್ಲಿ. ಅವಳು ಮೊಣಕಾಲೂರಿ ಹಿಂದಕ್ಕೆ ತೆವಳಿ, ಅವನ ಕಿಸೆಗೆ ಕೈಹಾಕಿ ಚೂರಿ ಎಳೆದಳು. ರಾಟೆಯ ಎದುರು ಬಿಗಿದ ಹಗ್ಗಕ್ಕೆ ಎರಡು ಏಟು. ಮೂರನೆಯದಕ್ಕೆ ಅದು ಸಿಡಿದು ಹೋಯಿತು. ಹಾಯಿ ಹರಕು ಬಟ್ಟೆಯಂತೆ ಮುಂದಕ್ಕೆ ಹಾರಿತು, ದೋಣಿ ನೆಟ್ಟಗಾಯಿತು. ಟ್ರಾಲ್ ಬೋಟು ಹತ್ತು ಮಾರು ದೂರದಲ್ಲಿ ಹಾದುಹೋಯಿತು. "ಮಂಡೆ ಸಮ ಉಂಡಾ ನಿಕ್ಲೆಗ್?" ನಿಮಗೆ ತಲೆ ಸರಿ ಉಂಟಾ ಎಂದು ಮೇಲಿನಿಂದ ಯಾರೋ ತುಳುವಿನಲ್ಲಿ ಕೂಗಿದರು.

ಗೇವಿನ್ ದೋಣಿಯನ್ನು ದಡಕ್ಕೆ ತಿರುಗಿಸಿದ. ದೋಣಿಯನ್ನು ಮರಳಿಗೆ ಎಳೆದು ಹಾಕಿದ ಮೇಲೆ ಕೇಳಿದ.

"ಗಂಟು ಯಾವಾಗ ನೋಡಿದ್ದು ನೀನು? ಗಾಳಿ ಬಂದಾಗಲಾ?"

ಹೌದು ಎಂದರೆ ಮುಗಿಯುತ್ತಿತ್ತು. ದಾರಿ ಅವನೇ ತೋರಿಸಿದ್ದ. ಅವಳು ಸುಟ್ಟ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು.

"ಅಲ್ಲ. ಹೋಗುವಾಗಲೇ ನೋಡಿದೆ. ಒಂದು ಬಿಚ್ಚಿದೆ. ಇನ್ನೊಂದು ಬರ್ಲಿಲ್ಲ."

"ನನಗೆ ಹೇಳ್ಲಿಲ್ಲ?"

"ಹೇಳಿದ್ರೆ ಕ್ಯಾಲ್ವಿನ್‌ನನ್ನು ಕರೀತಿದ್ದಿ."

"ಗಂಟಿಗೆ ಕರೀತಿರಲಿಲ್ಲ ಮಾರಾಯ್ತಿ. ಸಜ್ಜು ಮಾಡುವಾಗ ನಾನೂ ನೋಡ್ಬೇಕಿತ್ತು, ನೋಡ್ಲಿಲ್ಲ. ಆದ್ರೆ ನನ್ನ ಬೆನ್ನ ಹಿಂದೆ ಎಂತ ಉಂಟು ಅಂತ ನನಗೆ ಹೇಳುದು ನೀನೊಬ್ಬಳೇ."

ಅವನು ಫೋನ್ ತೆಗೆದು ದೂರ ಹೋದ. ಕೊಂಕಣಿಯಲ್ಲಿ ನಾಲ್ಕೇ ಮಾತು. ಕ್ಯಾಲ್ವಿನ್, ಶುಕ್ರವಾರ, ಗೋವಾ ಎಂಬುದು ಅವಳಿಗೂ ಅರ್ಥವಾಯಿತು, ರೇಸಿನಲ್ಲಿ ತನ್ನ ಜಾಗ ಹೋಯಿತು ಎಂಬುದೂ.

ಅವಳು ಪೈಪಿನ ಸಿಹಿನೀರು ಬಿಟ್ಟು ಕೆಂಪು ಹಾಯಿಯ ಉಪ್ಪು ತೊಳೆಯತೊಡಗಿದಳು. ಅಷ್ಟು ದೊಡ್ಡ ಬಟ್ಟೆಯನ್ನು ಒಬ್ಬರೇ ಹಿಂಡಿ ಮಡಚಲು ಆಗುವುದಿಲ್ಲ. ಗೇವಿನ್ ಫೋನ್ ಕಿಸೆಗೆ ಹಾಕಿಕೊಂಡು ಬಂದು ಇನ್ನೊಂದು ತುದಿ ಹಿಡಿದ.

"ಎಳಿ" ಎಂದ.

ಅವಳು ಎಳೆದಳು.